ಇಳಿಯಲು ನೀರಿದೆ, ಹತ್ತಲು ಮೆಟ್ಟಿಲಿಲ್ಲ

ನಗರದ ಸಾರ್ವಜನಿಕ ಈಜುಕೊಳದ ಆಡಳಿತಾಧಿಕಾರಿಗಳೇ, ಹಾಗೆ ಕರೆಯುವುದು ರೂಢಿಯಾದ್ದರಿಂದ, ಮಾನ್ಯರೇ,

ನಿಮ್ಮ ಕೊಳದ ಆಳ ಕಡಿಮೆಯಿರುವ ಬದಿಯಲ್ಲಿ ಅಗಲವಾದ ಮೆಟ್ಟಿಲುಗಳಿದ್ದವು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯೂ ಇತ್ತು. ಈಚಿನ ನವೀಕರಣದಲ್ಲಿ ನೀವು ಅವೆರಡನ್ನೂ ಕೀಳಿಸಿಹಾಕಿದಿರಿ. ಈಗ ಅಲ್ಲಿ ನೀಲಿ ಟೈಲ್ಸಿನ ನುಣುಪು ಗೋಡೆ ಇದೆ. ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತ ಸ್ಟೀಲಿನ ಏಣಿ ಇದೆ. ನೀರಿಗೆ ಇಳಿಯುವ ವಿಚಾರದಲ್ಲಿ ನನ್ನ ತಕರಾರಿಲ್ಲ. ಇಳಿಯಲು ಭೂಮಿಯ ಸೆಳೆತವೇ ಸಾಕು, ನಿಮ್ಮ ಕಚೇರಿಯ ಮಂಜೂರಾತಿ ಬೇಡ. ತಕರಾರಿರುವುದು ಹತ್ತುವ ವಿಚಾರದಲ್ಲಿ. ಹತ್ತಿದ ಏಣಿಯನ್ನು ಒದೆಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇನ್ನೊಬ್ಬರು ಹತ್ತಬೇಕಾದ ಮೆಟ್ಟಿಲನ್ನೇ ಒಡೆಸಿ, ಆ ಜಾಗಕ್ಕೆ ಬಣ್ಣದ ದೀಪ ಹಾಕಿಸಿ, ರಿಬ್ಬನ್ ಕತ್ತರಿಸಿ ಕೈಚಪ್ಪಾಳೆ ಗಿಟ್ಟಿಸಿದವರನ್ನು ಕಂಡದ್ದು ಇದೇ ಮೊದಲು. ಅಂದಹಾಗೆ ಆ ರಿಬ್ಬನ್ನನ್ನು ಓರೆಯಾಗಿ ಕತ್ತರಿಸಿದ್ದಿರಿ. ವೃತ್ತಿಯಲ್ಲಿ ದರ್ಜಿಯಾದ್ದರಿಂದ ಕಣ್ಣಿಗೆ ಬಿತ್ತು, ಕ್ಷಮಿಸಿ.

ಹೌದು, ನಾನು ಬಟ್ಟೆ ಹೊಲಿಯುವವಳು. ಶಾಲೆಯ ಸಮವಸ್ತ್ರ, ಕೋಟು, ಕಿಟಕಿಯ ಪರದೆ, ಏನು ತಂದರೂ ಹೊಲಿಯುತ್ತೇನೆ. ಯೌವನವನ್ನೆಲ್ಲ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಕಳೆದ ಬಲಗಾಲು ಹೋದ ವರ್ಷ ಮುಷ್ಕರ ಹೂಡಿತು. ಶಸ್ತ್ರವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಎಲುಬಿಗೆ ಎಲುಬು ತಿಕ್ತಾ ಇದೆಯಮ್ಮ, ಮಧ್ಯೆ ಇರೋ ಮೆತ್ತನೆ ಪದರ ಪೂರ್ತಿ ಸವೆದುಹೋಗಿದೆ" ಎಂದರು.

"ಅಸ್ತರ್ ಹೋದ ಕೋಟು ಅನ್ನಿ. ಹೊಸ ಅಸ್ತರ್ ಹಾಕಿಬಿಡಿ" ಎಂದೆ.

"ಈ ಕೋಟಿಗೆ ಅಸ್ತರ್ ನಿಲ್ಲಲ್ಲ. ಮಂಡಿ ಕೀಲನ್ನೇ ಬದಲಾಯಿಸ್ಬೇಕು."

ಬದಲಾಯಿಸಿದರು. ಪಟ್ಟಿ ಬಿಚ್ಚಿದ ದಿನ ಹೊಲಿಗೆಯನ್ನು ನಾನೇ ಪರೀಕ್ಷಿಸಿದೆ. ಸಾಲು ನೇರವಾಗಿತ್ತು, ಕೊನೆಯ ಗಂಟು ಮಾತ್ರ ನನ್ನ ಮನಸ್ಸಿಗೆ ಬರಲಿಲ್ಲ. ಆಮೇಲೆ ನನ್ನನ್ನು ವ್ಯಾಯಾಮ ಮಾಡಿಸುವ ಒಬ್ಬ ತರುಣಿಯ ಕೈಗೆ ಒಪ್ಪಿಸಿದರು. ನಗುನಗುತ್ತಲೇ ಜೀವ ತೆಗೆಯುವ ಹೆಣ್ಣು. "ಮಡಚಿ ಆಂಟಿ... ಇನ್ನೂ ಮಡಚಿ... ಅಷ್ಟೇನಾ? ಇನ್ನೂ ಸ್ವಲ್ಪ ಮಡಚಿ" ಎನ್ನುವುದೇ ಅವಳ ಜಪ. ನಮ್ಮ ಮನೆಯಲ್ಲಿ ಅವಳಿಗೆ ಮಡಚಮ್ಮ ಎಂದೇ ಹೆಸರಾಯಿತು. ಕೊನೆಗೆ ಒಂದು ದಿನ ಆ ಮಡಚಮ್ಮನೇ ನನ್ನ ಗಾಯದ ಗುರುತನ್ನು ಒತ್ತಿ ನೋಡಿ, "ಪೂರ್ತಿ ಮಾಗಿದೆ. ಇನ್ನು ನೀರಿಗಿಳೀರಿ. ಆದ್ರೆ ಕಪ್ಪೆ ಥರ ಕಾಲು ಒದೀಬೇಡಿ, ಮಂಡಿ ತಿರುಚುತ್ತೆ. ಕಾಲು ನೀಟಾಗಿ ಚಾಚಿ ಮೇಲೆ ಕೆಳಗೆ ಆಡಿಸಿ, ಸಾಕು" ಎಂದಳು. ನಾನು ಅವಳನ್ನು ಅಪ್ಪಿಕೊಂಡುಬಿಟ್ಟೆ. ಪಾಪ, ಅಷ್ಟು ದಿನ ನನ್ನಿಂದ ಬೈಗುಳ ತಿಂದವಳು, ಬೆಚ್ಚಿಬಿದ್ದಳು.

ನಿಮ್ಮ ಕೊಳಕ್ಕೂ ನನಗೂ ಹಳೆಯ ನಂಟು. ಮಗ ಚಿಕ್ಕವನಿದ್ದಾಗ ಅವನಿಗೆ ಈಜು ಕಲಿಸಲೆಂದು ಕರೆದುಕೊಂಡು ಬರುತ್ತಿದ್ದೆ. ಗೋಡೆಗೊರಗಿ ಹರಟುತ್ತಿದ್ದ ತಾಯಂದಿರನ್ನು ನೋಡಿ ಆಗಿನ ಈಜುಗುರು, "ಇಲ್ಲಿ ಬಿಸಿಲು ಕಾಯೋ ಬದಲು ನೀವೂ ಇಳೀರಿ" ಎಂದು ಗದರಿದರು. ಇಳಿದೆ. ಮಗ ಮೂಗಿಗೆ ನೀರು ಹೋಯಿತೆಂದು ಅತ್ತು ಬಿಟ್ಟುಬಿಟ್ಟ, ತಾಯಿ ಬಿಡಲಿಲ್ಲ. ದರ್ಜಿಯ ಅಂಗಡಿಯಲ್ಲಿ ಇಡೀ ದಿನ ಕೇಳಿಬರುವ ಮಾತು ಒಂದೇ: "ಯಾವಾಗ ಕೊಡ್ತೀರಿ?" ನೀರಿನೊಳಗೆ ತಲೆ ಹೋದರೆ ಆ ಪ್ರಶ್ನೆ ಕೇಳಿಸುವುದಿಲ್ಲ. ನನಗೆ ಗೊತ್ತಿರುವ ಶಾಂತಿ ಅಷ್ಟೇ, ಅದಕ್ಕಿಂತ ದೊಡ್ಡ ತತ್ತ್ವವೇನೂ ಇಲ್ಲ.

ಹೀಗೆ ಹಿಗ್ಗಿನಿಂದ ಬಂದವಳಿಗೆ ನಿಮ್ಮ ಟಿಕೆಟ್ ಕಿಟಕಿಯಲ್ಲಿ ಮೊದಲ ತಡೆ. ಗುಮಾಸ್ತರು ನನ್ನ ಊರುಗೋಲನ್ನು ನೋಡಿ, "ಆಪರೇಷನ್ ಆದೋರು ಒಬ್ರೇ ಇಳಿಯೋ ಹಾಗಿಲ್ಲ. ಜೊತೆಗೊಬ್ರು ಇರ್ಬೇಕು" ಎಂದರು.

"ಸೊಸೆ ಬಂದಿದಾಳಲ್ಲ, ಬೆಂಚಿನ ಮೇಲೆ ಕೂತಿರ್ತಾಳೆ."

"ಬೆಂಚಿನ ಮೇಲಲ್ಲ, ನೀರಲ್ಲಿ. ಸಾಹೇಬ್ರ ಆರ್ಡರು."

"ಅವಳಿಗೆ ಈಜು ಬರಲ್ಲ."

"ಬರ್ಬೇಕು ಅಂತ ಆರ್ಡರಲ್ಲಿಲ್ಲ."

ಮಾನ್ಯರೇ, ಈ ಆಜ್ಞೆಯನ್ನು ಬರೆದ ಕೈಗೆ ನಾನು ನಮಸ್ಕರಿಸುತ್ತೇನೆ. ಈಜು ಬರುವವಳು ಮುಳುಗದಿರಲೆಂದು ಈಜು ಬಾರದವಳನ್ನು ಜೊತೆಗೆ ಇಳಿಸುವ ಉಪಾಯ ಸಾಮಾನ್ಯ ತಲೆಗೆ ಹೊಳೆಯುವಂಥದಲ್ಲ. ನನ್ನ ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಊರಿನ ಕಣ್ಣನ್ನೆಲ್ಲ ಸರಿಮಾಡುವ ಅವಳಿಗೆ ಕನ್ನಡಕ ತೆಗೆದರೆ ತನ್ನ ಕೈಯೇ ಮಸುಕು. ಮೇಲಾಗಿ ನೀರೆಂದರೆ ಬೆಕ್ಕಿಗಿಂತ ಹೆಚ್ಚು ಹೆದರುತ್ತಾಳೆ. ಬಕೆಟ್ಟಿಗೆ ಬಿದ್ದ ಚಮಚವನ್ನೂ ಬಗ್ಗಿ ಇಣುಕಿ, ಯೋಚಿಸಿ ತೆಗೆಯುವವಳು. ಆ ಸಂಜೆ ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಅವಳೇ ಬಂದು ಹೊಲಿಗೆ ಯಂತ್ರದ ಪಕ್ಕ ನಿಂತಳು.

"ಅತ್ತೆ, ಆ ನೀರಿಗಿಳಿಯೋ ಬಟ್ಟೆ ನನಗೂ ಒಂದು ಹೊಲಿದುಕೊಡಿ. ತೋಳು ಉದ್ದ ಇರ್ಲಿ. ಮತ್ತೆ, ನಾನು ಸತ್ರೆ ನಿಮ್ಮ ಮಗನಿಗೆ ನೀವೇ ಉತ್ತರ ಹೇಳ್ಬೇಕು."

ಹೊಲಿದೆ. ಅಂಥ ಗಟ್ಟಿ ಹೊಲಿಗೆಯನ್ನು ನಾನು ಯಾವ ಗಿರಾಕಿಗೂ ಹಾಕಿಲ್ಲ.

ಮೊದಲ ದಿನದ ಸಂಭ್ರಮವನ್ನು ನಿಮಗೆ ಹೇಳಿ ಏನು ಪ್ರಯೋಜನವೆಂದು ಅನಿಸಿದರೂ ಹೇಳುತ್ತೇನೆ. ನಾನು ಅಂಚಿನ ಮೇಲೆ ಕೂತು, ಎರಡೂ ಅಂಗೈ ಊರಿ, ಮೆಲ್ಲಗೆ ಜಾರಿ ಇಳಿದೆ. ಸೊಸೆ ಏಣಿಯ ಕಂಬಿಗೆ ಜೋತುಬಿದ್ದು, ಕಣ್ಣು ಮುಚ್ಚಿ, ದೇವರ ಹೆಸರನ್ನೂ ನನ್ನ ಮಗನ ಹೆಸರನ್ನೂ ಬೆರೆಸಿ ಹೇಳುತ್ತ ಎದೆಮಟ್ಟದ ನೀರಿಗೆ ಬಂದಳು. "ನೀರು ಎಲ್ಲಿಂದ ಶುರುವಾಗುತ್ತೆ ಅಂತಾನೇ ಕಾಣ್ತಿಲ್ಲ ಅತ್ತೆ" ಎಂದಳು. "ಒದ್ದೆ ಆದ ಕಡೆಯಿಂದ" ಎಂದು ಹೇಳಿ ನಾನು ಗೋಡೆಯನ್ನು ಎಡಗಾಲಿನಿಂದ ತಳ್ಳಿದೆ. ಎಷ್ಟೋ ತಿಂಗಳು ಒಂದೊಂದು ಹೆಜ್ಜೆಗೂ ಲೆಕ್ಕ ಹಾಕಿದ ದೇಹ ಅದು. ಮಂಚದಿಂದ ಬಾಗಿಲಿಗೆ, ಬಾಗಿಲಿನಿಂದ ಬಚ್ಚಲಿಗೆ ಅಳತೆ ಹಿಡಿದು ಬದುಕಿದ ದೇಹ. ನೀರಿನಲ್ಲಿ ಅದಕ್ಕೆ ತೂಕವೇ ಇಲ್ಲದಾಯಿತು. ಹೊಸ ಮಂಡಿ ಮೊದಲು ಪರಸ್ಥಳದವನಂತೆ ಸಂಕೋಚಪಟ್ಟಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ಉಳಿದವರೊಡನೆ ಮಾತಿಗೆ ಕೂತುಬಿಟ್ಟಿತು. ಆಚೆ ದಡ ಮುಟ್ಟಿದಾಗ ನಾನು ನಗುತ್ತಿದ್ದೆ, ನೀರು ಕುಡಿಯುತ್ತಿದ್ದೆ, ಕೆಮ್ಮುತ್ತಿದ್ದೆ. ಪಕ್ಕದ ಸಾಲಿನಲ್ಲಿದ್ದ ನಿವೃತ್ತ ಬಸ್ ಚಾಲಕರು, "ಬಂದ್ರಾ ಟೈಲರಮ್ಮ! ಗಾಡಿ ರಿಪೇರಿ ಆಯ್ತಾ?" ಎಂದು ಕೂಗಿದರು. "ಎಂಜಿನ್ ಹಳೇದೇ, ಬೇರಿಂಗ್ ಹೊಸದು" ಎಂದೆ.

ಈಜಿಕೊಂಡು ಈಚೆ ದಡಕ್ಕೆ ಮರಳಿದಲ್ಲಿಗೆ ಸಂಭ್ರಮ ಮುಗಿಯಿತು, ಏಕೆಂದರೆ ನಿಮ್ಮ ಏಣಿ ಶುರುವಾಯಿತು.

ನನ್ನ ಮಂಡಿ ಕುರ್ಚಿಯಲ್ಲಿ ಕೂರುವಷ್ಟು ಮಡಚುತ್ತದೆ, ಅದಕ್ಕಿಂತ ತುಸು ಹೆಚ್ಚು. ನಿಮ್ಮ ಏಣಿಯ ಮೊದಲ ಮೆಟ್ಟು ಕೇಳುವುದು ಅದಕ್ಕಿಂತ ಬಹಳ ಹೆಚ್ಚು. ಎಡಗಾಲಿಟ್ಟು ಏರಿದರೆ ಬಲಗಾಲು ಹಿಂದೆ ಬರುವುದಿಲ್ಲ. ಬಲಗಾಲು ಇಟ್ಟರೆ ಏರುವುದೇ ಇಲ್ಲ. ಕಂಬಿ ಬೇರೆ ಲೋಳೆಲೋಳೆ. ಎಳೆದುಕೊಂಡೆ, ಜಾರಿದೆ. ಮತ್ತೆ ಎಳೆದುಕೊಂಡೆ, ಮತ್ತೆ ಜಾರಿದೆ. ಕಾವಲಿನವರು ಸೀಟಿ ಊದಿ ಓಡಿಬಂದು ನನ್ನ ಎರಡೂ ತೋಳು ಹಿಡಿದು ಮೇಲಿನಿಂದ ಎಳೆದರು. ಭುಜ ಕಳಚಿ ಅವರ ಕೈಗೇ ಬರುವುದೊಂದು ಬಾಕಿ. ಬಸ್ ಚಾಲಕರು, "ರಿವರ್ಸಲ್ಲಿ ಹತ್ತಿ ನೋಡಿ" ಎಂದು ಸಲಹೆ ಕೊಟ್ಟರು. ರಿವರ್ಸಲ್ಲೂ ಹತ್ತಿ ನೋಡಿದೆ. ಅಷ್ಟರಲ್ಲಿ ಕೊಳದ ಸುತ್ತ ಜನ ನಿಂತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನೂ ನಗಬಹುದಿತ್ತು. ಎಲ್ಲರೂ 'ಅಯ್ಯೋ ಪಾಪ' ಎಂಬ ಮುಖ ಮಾಡಿಕೊಂಡು ನಿಂತಿದ್ದರಲ್ಲ, ಅದು ನನ್ನನ್ನು ಕುಗ್ಗಿಸಿತು. ಇನ್ನು ಸಾಕು, ಇದೇ ಕೊನೆ, ನಾಳೆಯಿಂದ ಈ ಕಡೆ ತಲೆ ಹಾಕುವುದಿಲ್ಲವೆಂದು ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟೆ.

ಆಗ ನನ್ನ ಬೆನ್ನ ಹಿಂದೆ ನೀರು ಸದ್ದಾಯಿತು. ಆವರೆಗೆ ಗೋಡೆಯ ಅಂಚನ್ನು ಹಲ್ಲಿಯಂತೆ ಕಚ್ಚಿಕೊಂಡಿದ್ದ ಸೊಸೆ ಕೈ ಬಿಟ್ಟಿದ್ದಳು. ಕಣ್ಣು ಕಾಣದೆ, ಈಜು ಬಾರದೆ, ಕೈಗಳಿಂದ ನೀರನ್ನು ತಡವಿಕೊಂಡು ನನ್ನ ಕಡೆ ನಡೆದು ಬಂದಳು. "ಬೇಡ ಕಣೇ, ಅಲ್ಲೇ ಇರು" ಎಂದೆ. ಕೇಳಲಿಲ್ಲ. ಉಸಿರು ತುಂಬಿಕೊಂಡು, ತಲೆಯನ್ನು ನೀರಿನೊಳಗೆ ಮುಳುಗಿಸಿ, ತನ್ನ ಭುಜವನ್ನು ನನ್ನ ಬಲತೊಡೆಯ ಕೆಳಗೆ ಕೊಟ್ಟು ಎತ್ತಿದಳು. ನಾನು ಮೇಲಕ್ಕೆ ಹೋದೆ. ಹೇಗೆ ಹೋದೆನೋ ದೇವರೇ ಬಲ್ಲ. ಅಂಚಿನ ಮೇಲೆ ಮೀನಿನಂತೆ ಹೊಟ್ಟೆ ಅಡಿಯಾಗಿ ಬಿದ್ದಿದ್ದೆ. ಹಿಂದೆಯೇ ಅವಳು ಕೆಮ್ಮುತ್ತ, ಮೂಗಿನಿಂದ ನೀರು ಸುರಿಸುತ್ತ ಏಣಿ ಹತ್ತಿ ಬಂದು ಪಕ್ಕದಲ್ಲಿ ಬಿದ್ದಳು.

"ಅತ್ತೆ," ಎಂದಳು ಏದುಸಿರಿನಲ್ಲಿ, "ನಾನು ಮುಳುಗಿದೆ, ನೋಡಿದ್ರಾ?"

"ನೋಡಿದೆ."

"ಏನೂ ಆಗ್ಲಿಲ್ಲ!"

ಇಬ್ಬರೂ ಟೈಲ್ಸಿನ ಮೇಲೆ ಬಿದ್ದುಕೊಂಡೇ ನಕ್ಕೆವು. ಆಗ ನಿಂತಿದ್ದವರೂ ನಕ್ಕರು. ನಾನು ಮತ್ತೆ ಬರುವುದಿಲ್ಲವೆಂಬ ನಿರ್ಧಾರವನ್ನು ಅಲ್ಲೇ ಒರೆಸಿ ಹಾಕಿದೆ. ನೀರಿಗಿಳಿದವರಿಗೆ ಮಳೆಯೇನು, ಚಳಿಯೇನು?

ಇಲ್ಲಿಗೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನನಗೆ ಎತ್ತುವ ಸೊಸೆಯಿದ್ದಾಳೆ. ಆದರೆ ದಿನವೂ ಹೋಗತೊಡಗಿದ ಮೇಲೆ ಹಳೆಯ ಮುಖಗಳು ಕಾಣುತ್ತಿಲ್ಲವೆಂದು ಗಮನಕ್ಕೆ ಬಂತು. ತುಂಬುಹೊಟ್ಟೆಯ ಹೆಂಗಸರು ಬರುತ್ತಿದ್ದರು, ಈಗ ಇಲ್ಲ. ಸೊಂಟನೋವಿನ ನಿವೃತ್ತ ಶಿಕ್ಷಕಿಯರ ಗುಂಪು ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಗಡಿಯಾರದವರು ಇಲ್ಲ. ಕೈಗಡಿಯಾರ ರಿಪೇರಿ ಮಾಡುವ ಅವರಿಗೆ ಬಾಲ್ಯದ ಕಾಯಿಲೆಯಲ್ಲಿ ಒಂದು ಕಾಲು ಸಣ್ಣಗಾಗಿ ಉಳಿದುಬಿಟ್ಟಿದೆ. ಮೆಟ್ಟಿಲಿದ್ದ ಕಾಲದಲ್ಲಿ ಅವರು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಲ್ಲಿ ಕೂತು, ಸದ್ದಿಲ್ಲದೆ ನೀರಿಗಿಳಿಯುತ್ತಿದ್ದರು. ಇಳಿದ ಮೇಲೆ ಅವರನ್ನು ಹಿಂದಿಕ್ಕುವವರು ಯಾರೂ ಇರಲಿಲ್ಲ. ಬಸ್ ಚಾಲಕರು, "ಇವ್ರಿಗೆ ಬ್ರೇಕೇ ಇಲ್ಲ" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ಒಂದು ದಿನ ಅವರ ಅಂಗಡಿಗೇ ಹೋಗಿ ಕೇಳಿದೆ. ಕಣ್ಣಿಗಿಟ್ಟ ಮಸೂರವನ್ನು ತೆಗೆಯದೆಯೇ ಹೇಳಿದರು:

"ಆ ಏಣಿ ನಾನು ಹತ್ತಬಲ್ಲೆ ಟೈಲರಮ್ಮ. ತೋಳಲ್ಲಿ ಶಕ್ತಿ ಇದೆ. ಆದ್ರೆ ಹತ್ತೋವಾಗ ಎಲ್ರೂ ಈಜೋದು ನಿಲ್ಸಿ ನೋಡ್ತಾರೆ. ದಾರೀಲಿ ನೋಡ್ತಾರೆ, ಬಸ್ಸಲ್ಲಿ ನೋಡ್ತಾರೆ. ಅಲ್ಲಿ ಮಾತ್ರ ನೋಡ್ತಿರ್ಲಿಲ್ಲ. ಅದಕ್ಕೇ ಬರ್ತಿದ್ದೆ."

ನಾನು ಆ ಮಾತನ್ನು ಹೊತ್ತುಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮಗೆ ನೆನಪಿರಬಹುದು. ಕಚೇರಿ ಎರಡನೆಯ ಮಹಡಿಯಲ್ಲಿದೆ, ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿದೆ. ಮೆಟ್ಟಿಲುಗಳನ್ನು ಎಲ್ಲಿ ಕೀಳಬೇಕು, ಎಲ್ಲಿ ಉಳಿಸಬೇಕು ಎಂಬ ವಿಷಯದಲ್ಲಿ ನಿಮಗೆ ಖಚಿತ ಅಭಿಪ್ರಾಯವಿದೆಯೆಂದು ಹತ್ತುತ್ತಲೇ ಅರ್ಥವಾಯಿತು. ನೀವು ಕುರ್ಚಿ ಕೊಟ್ಟಿರಿ, ನೀರು ತರಿಸಿದಿರಿ, ಒರಟಾಗಿ ಒಂದು ಮಾತೂ ಆಡಲಿಲ್ಲ. ಆ ಸೌಜನ್ಯವನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ. ಆಮೇಲೆ ಹೇಳಿದಿರಿ: "ಮೆಟ್ಟಿಲಿದ್ರೆ ಕೊಳದ ಲುಕ್ಕು ಕೆಡುತ್ತಮ್ಮ. ಮತ್ತೆ, ತಪ್ಪು ತಿಳ್ಕೋಬೇಡಿ, ಈ ವಯಸ್ಸಲ್ಲಿ, ಆಪರೇಷನ್ ಬೇರೆ ಆಗಿದೆ, ಆರಾಮಾಗಿ ಮನೇಲಿ ಇರಬಾರ್ದಾ?"

ಸ್ವಾಮೀ, ಆರಾಮಾಗಿ ಮನೆಯಲ್ಲಿದ್ದೇ ತಾನೇ ನನ್ನ ಮಂಡಿ ಬಾಗಿಲಿನ ಚಿಲಕದಂತೆ ಬಿಗಿದದ್ದು? ಕೊಳವನ್ನು ನೋಡುವುದಕ್ಕೆ ಕಟ್ಟುತ್ತಾರೋ, ಇಳಿಯುವುದಕ್ಕೆ ಕಟ್ಟುತ್ತಾರೋ? ನಾನು ಹೊಲಿದ ಕೋಟು ಗೊಂಬೆಗೆ ಬಹಳ ಚೆನ್ನಾಗಿ ಕಾಣುತ್ತದೆ, ಮನುಷ್ಯನ ತೋಳು ಮಾತ್ರ ಒಳಗೆ ಹೋಗುವುದಿಲ್ಲ ಎಂದರೆ ಗಿರಾಕಿ ನನ್ನನ್ನು ಸುಮ್ಮನೆ ಬಿಡುತ್ತಾನೆಯೇ? ಮೂಗಿಗಿಂತ ಮೂಗುತಿ ಭಾರವಾದರೆ ಯಾವುದನ್ನು ತೆಗೆಯಬೇಕೆಂದು ನಿಮಗೆ ಯಾರು ಹೇಳಿಕೊಟ್ಟರು? ಮೂಗನ್ನೇ ತೆಗೆದಿದ್ದೀರಲ್ಲ!

ನಿಮ್ಮನ್ನು ನಂಬಿ ಕೂತರೆ ಕೆಲಸವಾಗದೆಂದು ನಾವೇ ಕೈ ಹಾಕಿದೆವು. ನನ್ನ ಅಂಗಡಿಯ ಪಕ್ಕ ಅಲ್ಯೂಮಿನಿಯಂ ಕಿಟಕಿ ಮಾಡುವಾತನಿದ್ದಾನೆ. ಅವನೂ ಬಸ್ ಚಾಲಕರೂ ಸೇರಿ ಅಂಚಿಗೆ ಸಿಕ್ಕಿಸಿ ಇಳಿಬಿಡುವಂಥ ಮೆಟ್ಟಿಲು ಮಾಡಿದರು. ಎರಡೂ ಕಡೆ ಹಿಡಿಕೆ, ಕಾಲಡಿಗೆ ರಬ್ಬರು. ಅದು ಅಲುಗಾಡದಂತೆ ಕಟ್ಟಲು ದಪ್ಪ ಕ್ಯಾನ್ವಾಸಿನಲ್ಲಿ ಮರಳಿನ ಚೀಲ ಹೊಲಿದವಳು ನಾನು. ಈಜುವ ಹೊತ್ತಿಗೆ ಇಳಿಬಿಟ್ಟು, ಮುಗಿದ ಮೇಲೆ ತೆಗೆದು ಗೋಡೆಗೆ ಒರಗಿಸುತ್ತಿದ್ದೆವು. ನಿಮ್ಮ ಲುಕ್ಕಿಗೆ ಒಂದು ಗೀರೂ ಬೀಳಲಿಲ್ಲ. ಶಿಕ್ಷಕಿಯರು ಬಂದರು. ನಾನು ಮತ್ತೆ ಗಡಿಯಾರದ ಅಂಗಡಿಗೆ ಹೋಗಿ, "ನಿಮ್ಮ ಜಾಗ ಖಾಲಿ ಇದೆ" ಎಂದಷ್ಟೇ ಹೇಳಿ ಬಂದೆ. ಮಾರನೆಯ ಬೆಳಿಗ್ಗೆ ಅವರು ಬಂದರು. ಒಂದೊಂದೇ ಮೆಟ್ಟಿಲಲ್ಲಿ ಕೂತು ಇಳಿದರು. ಯಾರೂ ತಿರುಗಿ ನೋಡಲಿಲ್ಲ. ನೋಡದೆ ಇರಲು ನಾವೆಲ್ಲ ಎಷ್ಟು ಕಷ್ಟಪಟ್ಟೆವೆಂದರೆ ಬಸ್ ಚಾಲಕರು ಗೋಡೆಗೆ ತಲೆ ಗುದ್ದಿಕೊಂಡರು.

ಗಡಿಯಾರದವರು ಆಚೆ ದಡದಲ್ಲಿರುವಾಗ ನಿಮ್ಮ ಸಿಬ್ಬಂದಿ ಇಬ್ಬರು ಬಂದು ಮೆಟ್ಟಿಲನ್ನು ಎತ್ತಿದರು. ಅನುಮತಿಯಿಲ್ಲದ ವಸ್ತುವಂತೆ. "ಅವರು ಹತ್ತಿ ಬರೋವರೆಗಾದ್ರೂ ಇರ್ಲಿ" ಎಂದು ಸೊಸೆ ಬೇಡಿಕೊಂಡಳು. "ಸಾಹೇಬ್ರ ಆರ್ಡರು" ಎಂದು ಹೊತ್ತುಕೊಂಡು ಹೋಗಿ ಉಗ್ರಾಣಕ್ಕೆ ಹಾಕಿ ಬೀಗ ಜಡಿದರು. ಗಡಿಯಾರದವರು ಈಜಿ ಬಂದರು, ಬರಿಗೋಡೆಯನ್ನು ನೋಡಿದರು. ನೀರಿನಲ್ಲೇ ನಿಂತರು. ಆ ಮುಖವನ್ನು ನಾನು ವರ್ಣಿಸಲಾರೆ, ವರ್ಣಿಸಿದರೆ ಅವರಿಗೆ ಇಷ್ಟವಾಗುವುದಿಲ್ಲ.

ಬಸ್ ಚಾಲಕರೇ ಮೊದಲು ಏಣಿಯ ಹತ್ತಿರ ಹೋದದ್ದು. ದಿನವೂ ಹಾರಿ ಹತ್ತುವ ಮನುಷ್ಯ, ಒಂದು ಮೆಟ್ಟು ಹತ್ತಿ, "ಅಯ್ಯೋ, ಆಗಲ್ಲಪ್ಪ, ಸ್ವಲ್ಪ ತಳ್ರಿ!" ಎಂದು ಕೂಗಿದರು. ನಾವು ತಳ್ಳಿದೆವು. ಹಿಂದೆಯೇ ಒಬ್ಬ ಶಿಕ್ಷಕಿ, "ನನ್ನನ್ನೂ ತಳ್ಳಿ." ಆಮೇಲೆ ಪಂದ್ಯಗಳಲ್ಲಿ ಗೆದ್ದುಬರುವ ಕಟ್ಟುಮಸ್ತಾದ ಕಾಲೇಜು ಹುಡುಗಿ ಗಂಭೀರ ಮುಖದಿಂದ, "ನಂಗೂ ಮಂಡಿ ಹಿಡ್ಕೊಂಡಿದೆ ಆಂಟಿ" ಎಂದು ಸಾಲಿಗೆ ಬಂದು ನಿಂತಳು. ನಿಮ್ಮ ಕಾವಲಿನವರು ಸಮವಸ್ತ್ರದಲ್ಲೇ ನೀರಿಗೆ ಧುಮುಕಿ, "ನನ್ನನ್ನೂ" ಎಂದರು. ಅವರ ಮೇಲೆ ಕ್ರಮ ಕೈಗೊಳ್ಳುವುದಾದರೆ ಅವರು ಜಾರಿ ಬಿದ್ದರೆಂದು ನಾವೆಲ್ಲ ಸಾಕ್ಷಿ ಹೇಳುತ್ತೇವೆ. ಒಬ್ಬರನ್ನೊಬ್ಬರು ತಳ್ಳಿ, ಎಳೆದು, ಜಾರಿ, ನಕ್ಕು, ಕೊಳ ಸಂತೆಯಾಗಿಹೋಯಿತು. ಗಡಿಯಾರದವರು ತಡೆಯಲಾರದೆ ನಕ್ಕುಬಿಟ್ಟರು. "ಸಾಕು ಬಿಡ್ರಪ್ಪಾ ನಿಮ್ಮ ನಾಟಕ" ಎಂದು, ಸೊಸೆಯ ಭುಜಕ್ಕೊಂದು ಕೈ, ಚಾಲಕರ ಭುಜಕ್ಕೊಂದು ಕೈ ಕೊಟ್ಟು ಮೇಲೆ ಬಂದರು. ಆ ಗದ್ದಲದಲ್ಲಿ ಯಾರು ಯಾರನ್ನು ನೋಡುತ್ತಿದ್ದರು!

ಮಾನ್ಯರೇ, ಇದನ್ನು ಓದಿ ನೀವು, 'ನೋಡಿ, ಜನರಲ್ಲಿ ಎಷ್ಟು ಒಗ್ಗಟ್ಟು, ಮೆಟ್ಟಿಲೇ ಬೇಡ' ಎಂದು ತೀರ್ಮಾನಿಸಿಬಿಡುವ ಅಪಾಯವಿದೆ. ಆದ್ದರಿಂದ ಬಟ್ಟೆ ಬದಲಾಯಿಸುವ ಕೋಣೆಗಳ ಹೊರಗೆ ಗಡಿಯಾರದವರು ನನಗೆ ಹೇಳಿದ ಮಾತನ್ನು ಇಲ್ಲಿ ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ತಲೆ ಒರೆಸಿಕೊಳ್ಳುತ್ತ ಹೇಳಿದರು: "ಇವತ್ತು ತುಂಬ ಚೆನ್ನಾಗಿತ್ತು ಟೈಲರಮ್ಮ. ಮರೆಯಲ್ಲ. ಆದ್ರೆ ದಿನಾ ಯಾರಾದ್ರೂ ಒಳ್ಳೆಯವರಾಗಿರ್ಬೇಕು, ಆಗ ಮಾತ್ರ ನಾನು ಮನೆಗೆ ಹೋಗ್ಬಹುದು ಅಂದ್ರೆ ಹೇಗೆ?"

ಈ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಉತ್ತರ ನಿಮ್ಮ ಉಗ್ರಾಣದಲ್ಲಿದೆ, ಬೀಗದ ಕೈ ನಿಮ್ಮ ಮೇಜಿನ ಸೆಳೆಖಾನೆಯಲ್ಲಿದೆ. ಹಳೆಯ ಮೆಟ್ಟಿಲನ್ನು ಮತ್ತೆ ಕಟ್ಟಿಸಿ. ಅದಕ್ಕೆ ಸಮಯ ಬೇಕೆಂದರೆ, ಅಲ್ಲಿಯವರೆಗೆ ನಮ್ಮ ಮೆಟ್ಟಿಲನ್ನು ನಮಗೆ ಕೊಡಿ. ನಾವು ಕೇಳುತ್ತಿರುವುದು ಕರುಣೆಯಲ್ಲ. ಅದು ನಮ್ಮಲ್ಲಿ ಧಾರಾಳವಾಗಿದೆ, ಬೇಕಿದ್ದರೆ ಕಚೇರಿಗೂ ಸ್ವಲ್ಪ ಕಳಿಸಿಕೊಡುತ್ತೇವೆ. ಕೇಳುತ್ತಿರುವುದು ಕಾಲಿಡಲು ಜಾಗ. ಯಾರ ಒಳ್ಳೆಯತನವನ್ನೂ ಕಾಯದೆ, ಯಾರ ಹೆಗಲನ್ನೂ ಹುಡುಕದೆ, ಬೇಸರವಾದ ದಿನ ಯಾರನ್ನೂ ಮಾತಾಡಿಸದೆ, ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ನೀರಿನಿಂದ ಎದ್ದು ಮನೆಗೆ ಹೋಗುವಂತಿರಬೇಕು. ಅಷ್ಟೇ.

ಇಂತಿ, ನಿಮ್ಮ ಉತ್ತರ ಬರುವವರೆಗೆ ದಡ ಸೇರಿಯೂ ದಡ ಹತ್ತದ,
ಒದ್ದೆ ತಲೆಯ ಒಬ್ಬ ದರ್ಜಿ